ಡಾರ್ಕ್ ಮೋಡಾ, ಲೈಟ್ ಮೋಡಾ? ಥಾಮಸ್ ಯಂಗ್‌ನ ಕೇಳೋಣ ಬನ್ನಿ

ಯಂಗ್ಸ್ ಮಾಡ್ಯುಲಸ್ ಅಂದ ತಕ್ಷಣ ನಮಗೆಲ್ಲ ನೆನಪಾಗೋದು ಸ್ಟ್ರೆಸ್ ಬೈ ಸ್ಟ್ರೈನ್. ಯಂಗ್ಸ್ ಡಬಲ್ ಸ್ಲಿಟ್ ಅಂದ್ರೆ ಪಿಯುಸಿಯಲ್ಲಿ ಬಾಯಿಪಾಠ ಮಾಡಿದ ಡೆರಿವೇಷನ್. ಈ ಎರಡು ಯಂಗ್ ಒಬ್ಬನೇನಾ ಅಂತ ನಮ್ಮಲ್ಲಿ ಎಷ್ಟು ಜನ ಯೋಚನೆ ಮಾಡಿದ್ದೀವಿ? ಹೌದು, ಒಬ್ಬನೇ. ಇನ್ನೂ ಆಶ್ಚರ್ಯದ ವಿಷಯ ಏನಂದ್ರೆ ಆತ ಇಂಜಿನಿಯರ್ ಅಲ್ಲ, ಫಿಸಿಕ್ಸ್ ಕಲಿಸಿ ಹೊಟ್ಟೆ ಹೊರೆದವನೂ ಅಲ್ಲ. ವೃತ್ತಿಯಿಂದ ಡಾಕ್ಟರ್. ಆತ ಮೊದಲು ಹೆಸರು ಮಾಡಿದ್ದು ತಂತಿ ಎಳೆದು ಅಲ್ಲ, ಬೆಳಕನ್ನು ಸೀಳಿ ಅಲ್ಲ, ಕಣ್ಣನ್ನು ಅಳೆದು.

ಹಾಗಾಗಿ ಹಾಸ್ಟೆಲ್‌ಗಳಲ್ಲಿ ದಿನಾ ನಡೆಯೋ ಒಂದು ಜಗಳಕ್ಕೆ ಆತನನ್ನೇ ಪಂಚಾಯ್ತಿಗೆ ಕರೆಯೋಣ ಅಂತ ಈ ಲೇಖನ. ಎಡಿಟರ್ ಕಪ್ಪಗಿರಬೇಕಾ, ಬೆಳ್ಳಗಿರಬೇಕಾ? ಕಪ್ಪು ಪರದೆ ಕಣ್ಣಿಗೆ ತಂಪು ಅಂತ ಒಬ್ಬ, ಬಿಳಿ ಪರದೆಯಲ್ಲೇ ಅಕ್ಷರ ಚೆನ್ನಾಗಿ ಕಾಣುತ್ತೆ ಅಂತ ಇನ್ನೊಬ್ಬ. ಈ ವಾದದಲ್ಲಿ ಅಭಿಪ್ರಾಯ ಸಾಕಷ್ಟಿದೆ, ಅಳತೆ ಮಾತ್ರ ಇಲ್ಲ. ಯಂಗ್ ಬದುಕಿನ ಕಥೆ ಪೂರ್ತಿ ಅಳತೆಯದ್ದೇ.

ಎರಡು ವರ್ಷಕ್ಕೇ ಓದು

ಥಾಮಸ್ ಯಂಗ್ ಹುಟ್ಟಿದ್ದು 1773ರ ಜೂನ್ 13ರಂದು, ಇಂಗ್ಲೆಂಡಿನ ಸಾಮರ್‌ಸೆಟ್ ಸೀಮೆಯ ಮಿಲ್ವರ್ಟನ್ ಅನ್ನೋ ಸಣ್ಣ ಊರಲ್ಲಿ. ಮನೆಯಲ್ಲಿ ಹತ್ತು ಮಕ್ಕಳು, ಈತನೇ ದೊಡ್ಡವನು. ತಂದೆ ಬಟ್ಟೆ ವ್ಯಾಪಾರ ಮತ್ತು ಬ್ಯಾಂಕ್ ವ್ಯವಹಾರ ಮಾಡುತ್ತಿದ್ದವರು. ಕುಟುಂಬ ಕ್ವೇಕರ್ ಪಂಥದ್ದು. ಅಂದ್ರೆ ಸರಳ ಬಟ್ಟೆ, ಸರಳ ಮಾತು, ಕುಣಿತ ಹಾಡು ಯಾವುದೂ ಇಲ್ಲ.

ಬಾಲ್ಯದ ಬಹುಭಾಗ ಕಳೆದಿದ್ದು ತಾಯಿಯ ಅಪ್ಪನ ಮನೆಯಲ್ಲಿ. ಎರಡು ವರ್ಷಕ್ಕೇ ಓದಲು ಬರುತ್ತಿತ್ತು, ನಾಲ್ಕು ವರ್ಷದೊಳಗೆ ಬೈಬಲ್ಲನ್ನು ಎರಡು ಸಲ ಓದಿ ಮುಗಿಸಿದ್ದ ಅಂತ ಆತನ ಜೀವನ ಬರೆದವರು ದಾಖಲಿಸಿದ್ದಾರೆ. ಹದಿನಾಲ್ಕು ದಾಟುವ ಹೊತ್ತಿಗೆ ಲ್ಯಾಟಿನ್, ಗ್ರೀಕ್, ಫ್ರೆಂಚ್, ಇಟಾಲಿಯನ್, ಹೀಬ್ರೂ ಭಾಷೆಗಳಲ್ಲಿ ಕೈಯಾಡಿಸಿದ್ದ. ಆದ್ರೆ ಪುಸ್ತಕದ ಹುಳು ಮಾತ್ರ ಆಗಿರಲಿಲ್ಲ. ಶಾಲೆಯ ಸಹಾಯಕ ಮೇಷ್ಟ್ರೊಬ್ಬರ ಹತ್ತಿರ ಲೇತ್ ಕೆಲಸ, ಟೆಲಿಸ್ಕೋಪ್ ತಯಾರಿ ಕಲಿತ. ತನಗೆ ಬೇಕಾದ ಉಪಕರಣ ತಾನೇ ಮಾಡಿಕೊಳ್ಳುವ ಈ ಅಭ್ಯಾಸ ಮುಂದೆ ತುಂಬಾ ಉಪಯೋಗಕ್ಕೆ ಬಂತು.

ಲಂಡನ್ನಿನಲ್ಲಿ ಯಂಗ್‌ಗೆ ರಿಚರ್ಡ್ ಬ್ರಾಕಲ್ಸ್‌ಬಿ ಅಂತ ಒಬ್ಬ ತಾತ, ಅಮ್ಮನ ಕಡೆಯ ಸಂಬಂಧ. ದೊಡ್ಡ ಡಾಕ್ಟರ್. ಹುಡುಗನ ಬುದ್ಧಿ ನೋಡಿ ಆತನೇ ವೈದ್ಯಕೀಯಕ್ಕೆ ಎಳೆದ. 1792ರಲ್ಲಿ ಯಂಗ್ ಲಂಡನ್ನಿಗೆ ಬಂದು ಅಂಗರಚನೆ ಕಲಿಯೋಕೆ ಶುರು ಮಾಡಿದ.

ಹತ್ತೊಂಬತ್ತನೇ ವಯಸ್ಸಿನ ಪೇಪರ್

ಆಗ ಒಂದು ಪ್ರಶ್ನೆಗೆ ಯಾರ ಹತ್ತಿರವೂ ಖಚಿತ ಉತ್ತರ ಇರಲಿಲ್ಲ. ದೂರದ ಮರ ನೋಡ್ತೀವಿ, ಮರುಕ್ಷಣ ಕೈಯಲ್ಲಿರೋ ಪುಸ್ತಕ ನೋಡ್ತೀವಿ, ಎರಡೂ ಸ್ಪಷ್ಟ. ಕ್ಯಾಮೆರಾದಲ್ಲಾದ್ರೆ ಲೆನ್ಸ್ ಹಿಂದೆ ಮುಂದೆ ಹೋಗುತ್ತೆ. ಕಣ್ಣಲ್ಲಿ ಏನು ಬದಲಾಗುತ್ತೆ? ಮೂರು ಊಹೆಗಳಿದ್ದವು. ಕಣ್ಣಿನ ಮುಂದಿನ ಪಾರದರ್ಶಕ ಪದರ ಕಾರ್ನಿಯಾ ಉಬ್ಬಿ ತಗ್ಗುತ್ತೆ ಅನ್ನೋದು ಒಂದು. ಕಣ್ಣುಗುಡ್ಡೆಯೇ ಉದ್ದ ಗಿಡ್ಡ ಆಗುತ್ತೆ ಅನ್ನೋದು ಇನ್ನೊಂದು. ಒಳಗಿನ ಮಸೂರ ಆಕಾರ ಬದಲಿಸುತ್ತೆ ಅನ್ನೋದು ಮೂರನೇದು.

ಯಂಗ್ ಎತ್ತಿನ ಕಣ್ಣೊಂದನ್ನು ಕೊಯ್ದು ನೋಡಿದ. ಮಸೂರದಲ್ಲಿ ಎಳೆಗಳಂಥ ರಚನೆ ಕಂಡಿತು. ಇವು ಸ್ನಾಯುಗಳು, ಇವು ಬಿಗಿಯಾದಾಗ ಮಸೂರ ಉಬ್ಬುತ್ತೆ ಅಂತ ತೀರ್ಮಾನಿಸಿ 1793ರ ಮೇ ತಿಂಗಳಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ಪೇಪರ್ ಕೊಟ್ಟ. ಆಗ ಆತನ ವಯಸ್ಸು ಹತ್ತೊಂಬತ್ತು. ನಮ್ಮ ಲೆಕ್ಕದಲ್ಲಿ ಸೆಕೆಂಡ್ ಇಯರ್! ಮುಂದಿನ ವರ್ಷವೇ ಆತ ಸೊಸೈಟಿಯ ಫೆಲೋ ಆದ.

ಆದ್ರೆ ಖುಷಿ ಬಹಳ ದಿನ ಉಳಿಯಲಿಲ್ಲ. ಆಗಿನ ಹೆಸರಾಂತ ಸರ್ಜನ್ ಎವರಾರ್ಡ್ ಹೋಮ್, ಉಪಕರಣ ತಯಾರಕ ಜೆಸ್ಸಿ ರ‍್ಯಾಮ್ಸ್‌ಡೆನ್ ಜೊತೆ ಸೇರಿ ಬೇರೆ ಪ್ರಯೋಗ ಮಾಡಿದ. ಪೊರೆ ಬಂದು ಮಸೂರವನ್ನೇ ತೆಗೆಸಿಕೊಂಡ ರೋಗಿಗಳೂ ಹತ್ತಿರ ದೂರ ಎರಡಕ್ಕೂ ಕಣ್ಣು ಹೊಂದಿಸಿಕೊಳ್ತಾರೆ, ಹಾಗಾಗಿ ಕೆಲಸ ಮಾಡೋದು ಮಸೂರ ಅಲ್ಲ, ಕಾರ್ನಿಯಾ ಅಂತ ಅವರ ವಾದ. ಪುರಾವೆ ಬಲವಾಗಿ ಕಂಡಿತು. ಯಂಗ್ ತನ್ನ ಮಾತನ್ನು ಹಿಂದಕ್ಕೆ ತೆಗೆದುಕೊಂಡ. ಜಂಭ ಮಾಡಲಿಲ್ಲ. ಆದ್ರೆ ಪ್ರಶ್ನೆಯನ್ನು ಮರೆಯಲೂ ಇಲ್ಲ.

ಮಧ್ಯದ ಏಳು ವರ್ಷಗಳನ್ನು ಬೇಗ ಹೇಳಿಬಿಡ್ತೀನಿ. ಎಡಿನ್‌ಬರೋದಲ್ಲಿ ಓದಿದ. ಅಲ್ಲಿಂದ ಜರ್ಮನಿಯ ಗಾಟಿಂಗನ್‌ಗೆ ಹೋಗಿ 1796ರಲ್ಲಿ ಡಾಕ್ಟರ್ ಪದವಿ ಪಡೆದ. ನೃತ್ಯ, ಸಂಗೀತ, ಕುದುರೆ ಸವಾರಿ ಕಲಿತು ಕ್ವೇಕರ್ ಶಿಸ್ತಿನಿಂದ ಹೊರಗೆ ಬಂದ. ಲಂಡನ್ನಿನಲ್ಲಿ ದೊಡ್ಡ ವೈದ್ಯನಾಗಲು ಇಂಗ್ಲಿಷ್ ಯೂನಿವರ್ಸಿಟಿಯ ಪದವಿ ಬೇಕಿತ್ತು, ಅದಕ್ಕೆ 1797ರಲ್ಲಿ ಕೇಂಬ್ರಿಜ್‌ನ ಇಮ್ಯಾನುಯೆಲ್ ಕಾಲೇಜು ಸೇರಿದ. ಅದೇ ವರ್ಷ ಕೊನೆಯಲ್ಲಿ ಬ್ರಾಕಲ್ಸ್‌ಬಿ ತಾತ ತೀರಿಕೊಂಡು ಲಂಡನ್ನಿನ ಮನೆ ಮತ್ತು ಸುಮಾರು 10,000 ಪೌಂಡ್ ಈತನಿಗೆ ಬಿಟ್ಟುಹೋದರು. ಹೊಟ್ಟೆಪಾಡಿನ ಚಿಂತೆ ತಪ್ಪಿತು.

ತನ್ನ ಕಣ್ಣೇ ಲ್ಯಾಬ್

1800ರ ನವೆಂಬರ್‌ನಲ್ಲಿ ಯಂಗ್ ರಾಯಲ್ ಸೊಸೈಟಿಯ ಮುಂದೆ ಮತ್ತೆ ನಿಂತ. ವಯಸ್ಸು ಇಪ್ಪತ್ತೇಳು. ವಿಷಯ ಅದೇ ಹಳೇ ಪ್ರಶ್ನೆ. ಈ ಸಲ ಎತ್ತಿನ ಕಣ್ಣಲ್ಲ, ತನ್ನದೇ ಕಣ್ಣು.

ಮೊದಲು ಕಾರ್ನಿಯಾ ವಾದವನ್ನು ಪರೀಕ್ಷಿಸಿದ. ಕಾರ್ನಿಯಾದ ಶಕ್ತಿ ಇರೋದು ಗಾಳಿ ಮತ್ತು ಅದರ ನಡುವಿನ ರಿಫ್ರ್ಯಾಕ್ಟಿವ್ ಇಂಡೆಕ್ಸ್ ವ್ಯತ್ಯಾಸದಲ್ಲಿ. ನೀರೊಳಗೆ ಕಣ್ಣು ಬಿಟ್ಟರೆ ಎಲ್ಲ ಮಸುಕಾಗೋದು ಅದಕ್ಕೇ. ಯಂಗ್ ಒಂದು ಸಣ್ಣ ಮೈಕ್ರೋಸ್ಕೋಪಿನ ಲೆನ್ಸ್ ತೆಗೆದುಕೊಂಡು, ಅದರ ಕೊಳವೆಗೆ ಅಂಚಲ್ಲಿ ಮೇಣ ಹಚ್ಚಿ, ಒಳಗೆ ನೀರು ತುಂಬಿ ಕಣ್ಣಿಗೆ ಒತ್ತಿ ಹಿಡಿದ. ಈಗ ಕಾರ್ನಿಯಾ ನೀರಲ್ಲಿ ಮುಳುಗಿದೆ, ಅದರ ಕೆಲಸ ಹೊರಗಿನ ಲೆನ್ಸ್ ಮಾಡ್ತಿದೆ. ಹತ್ತಿರ ದೂರ ಫೋಕಸ್ ಮಾಡೋ ಶಕ್ತಿ ಹೋಯಿತಾ? ಇಲ್ಲ, ಹಾಗೇ ಇತ್ತು. ಅಂದ್ರೆ ಕಾರ್ನಿಯಾ ಕಾರಣ ಅಲ್ಲ.

ಮುಂದಿನದು ಕಣ್ಣುಗುಡ್ಡೆಯ ಉದ್ದ. ಇದನ್ನು ಓದುವಾಗಲೇ ಮೈ ಜುಮ್ ಅನ್ನುತ್ತೆ. ಯಂಗ್ ಕಣ್ಣುಗಳು ಸ್ವಲ್ಪ ಮುಂದಕ್ಕೆ ಇದ್ದವು. ಕಣ್ಣನ್ನು ಮೂಗಿನ ಕಡೆ ಪೂರ್ತಿ ತಿರುಗಿಸಿ, ಹೊರಬದಿಯಿಂದ ಬೀಗದ ಕೈಯ ಉಂಗುರವನ್ನು ಗುಡ್ಡೆಯ ಹಿಂಭಾಗಕ್ಕೆ ಒತ್ತಿದ. ಹಾಗೆ ಒತ್ತಿದಾಗ ಬೆಳಕಿನ ಚುಕ್ಕೆಯೊಂದು ಕಾಣುತ್ತೆ. ಫೋಕಸ್ ಬದಲಿಸುವಾಗ ಗುಡ್ಡೆ ಉದ್ದವಾಗೋದಾದ್ರೆ ಹಿಂಭಾಗ ಉಂಗುರಕ್ಕೆ ಇನ್ನೂ ಒತ್ತಬೇಕು, ಚುಕ್ಕೆ ದೊಡ್ಡದಾಗಬೇಕು. ಆಗಲಿಲ್ಲ. ಎರಡನೇ ಊಹೆಯೂ ಹೋಯಿತು. (ದಯವಿಟ್ಟು ಇದನ್ನು ಯಾರೂ ಮನೆಯಲ್ಲಿ ಮಾಡಬೇಡಿ!)

ಕೊನೆಗೆ, ಪೊರೆಯ ಜೊತೆ ಮಸೂರ ಕಳೆದುಕೊಂಡವರನ್ನು ತಾನೇ ಪರೀಕ್ಷಿಸಿದ. ಹೋಮ್ ಹೇಳಿದ್ದಕ್ಕೆ ವಿರುದ್ಧವಾಗಿ, ಅವರಿಗೆ ಫೋಕಸ್ ಬದಲಿಸುವ ಶಕ್ತಿ ಇರಲಿಲ್ಲ. ಉಳಿದದ್ದು ಮಸೂರ ಒಂದೇ. ಏಳು ವರ್ಷದ ಹಿಂದೆ ಹೇಳಿ, ಆಮೇಲೆ ಬಿಟ್ಟುಕೊಟ್ಟ ಮಾತನ್ನು ಯಂಗ್ ಅಳತೆಯಿಂದ ವಾಪಸ್ ಪಡೆದ. ಒಂದು ವಿವರದಲ್ಲಿ ಮಾತ್ರ ಆತನದು ಸರಿಯಲ್ಲ. ಮಸೂರದ ಎಳೆಗಳು ಸ್ನಾಯು ಅಲ್ಲ. ಮಸೂರದ ಸುತ್ತ ಉಂಗುರದ ಹಾಗೆ ಇರುವ ಸಿಲಿಯರಿ ಸ್ನಾಯು ಬಿಗಿಯಾದಾಗ ಮಸೂರವನ್ನು ಎಳೆದು ಹಿಡಿದ ದಾರಗಳು ಸಡಿಲವಾಗಿ ಮಸೂರ ತಾನೇ ಉಬ್ಬುತ್ತೆ. ಇದನ್ನು 1850ರ ದಶಕದಲ್ಲಿ ಜರ್ಮನಿಯ ಹೆಲ್ಮ್‌ಹೋಲ್ಟ್ಸ್ ವಿವರಿಸಿದ.

ಇದು ನಮಗ್ಯಾಕೆ ಬೇಕು? ಲ್ಯಾಪ್‌ಟಾಪ್ ಮುಂದೆ ಆರು ಗಂಟೆ ಕೂತಾಗ ಆ ಸಿಲಿಯರಿ ಸ್ನಾಯು ಆರು ಗಂಟೆಯೂ ಬಿಗಿಯಾಗೇ ಇರುತ್ತೆ. ಡಂಬೆಲ್ ಎತ್ತಿ ಹಿಡಿದು ಇಳಿಸದೇ ಇದ್ದ ಹಾಗೆ. ಥೀಮ್ ಕಪ್ಪಾದ್ರೂ ಬಿಳಿಯಾದ್ರೂ ಪರದೆ ಇರೋ ದೂರ ಅಷ್ಟೇ, ಸ್ನಾಯುವಿನ ಕೆಲಸವೂ ಅಷ್ಟೇ. ಇಪ್ಪತ್ತು ನಿಮಿಷಕ್ಕೊಮ್ಮೆ ದೂರ ನೋಡಿ ಅಂತ ಹೇಳೋದು ಈ ಸ್ನಾಯುವಿಗೆ ಬಿಡುವು ಕೊಡೋಕೆ.

7 ಇಂಚು, 10 ಇಂಚು

ಅದೇ 1800ರ ಉಪನ್ಯಾಸದಲ್ಲಿ ಇನ್ನೊಂದು ಸಂಗತಿ ಇತ್ತು. ನನ್ನ ಪ್ರಕಾರ ಡಾರ್ಕ್ ಮೋಡ್ ಜಗಳದ ಕೀಲಿ ಇರೋದು ಅಲ್ಲೇ.

ಫೋಕಸ್ ದೂರ ಅಳೆಯೋಕೆ ಯಂಗ್ ಆಪ್ಟೋಮೀಟರ್ ಅನ್ನೋ ಉಪಕರಣವನ್ನು ಸುಧಾರಿಸಿ ಮಾಡಿಕೊಂಡಿದ್ದ. ತತ್ವ ತುಂಬಾ ಸರಳ. ಪಾಪೆಯ ಅಗಲಕ್ಕಿಂತ ಹತ್ತಿರ ಇರುವ ಎರಡು ಸಣ್ಣ ಸೀಳುಗಳ ಮೂಲಕ, ಕಣ್ಣಿನಿಂದ ದೂರಕ್ಕೆ ಚಾಚಿದ ಒಂದು ಗೆರೆಯನ್ನು ನೋಡಬೇಕು. ಗೆರೆ ಎರಡಾಗಿ ಕಾಣುತ್ತೆ, ಆದ್ರೆ ಕಣ್ಣು ಎಲ್ಲಿ ಫೋಕಸ್ ಆಗಿದೆಯೋ ಅಲ್ಲಿ ಮಾತ್ರ ಎರಡೂ ಒಂದನ್ನೊಂದು ಕತ್ತರಿಸುತ್ತವೆ. ಇಂಗ್ಲಿಷಿನ ಎಕ್ಸ್ ಅಕ್ಷರದ ಹಾಗೆ. ಕತ್ತರಿಸಿದ ಜಾಗದ ದೂರ ಅಳೆದ್ರೆ ಮುಗೀತು. ಬೆಳಕಿನ ಎರಡು ಸೀಳುಗಳಿಗೆ ಮುಂಚೆ ಆತನ ಕೈಯಲ್ಲಿ ಕಣ್ಣಿನ ಎರಡು ಸೀಳುಗಳಿದ್ದವು!

ಅಳೆದು ನೋಡಿದ್ರೆ ವಿಚಿತ್ರ ಫಲಿತಾಂಶ. ಕಣ್ಣು ಸಡಿಲವಾಗಿದ್ದಾಗ ಲಂಬ ದಿಕ್ಕಿನಲ್ಲಿ ಹರಡುವ ಕಿರಣಗಳಿಗೆ ಫೋಕಸ್ ದೂರ 10 ಇಂಚು, ಅಡ್ಡ ದಿಕ್ಕಿನಲ್ಲಿ ಹರಡುವ ಕಿರಣಗಳಿಗೆ 7 ಇಂಚು. ಒಂದೇ ಕಣ್ಣು, ಎರಡು ಫೋಕಸ್. ಈಗಿನ ಲೆಕ್ಕಕ್ಕೆ ತಿರುಗಿಸಿ ನೋಡಿ. 10 ಇಂಚು ಅಂದ್ರೆ 0.254 ಮೀಟರ್, ಅದರ ವಿಲೋಮ 3.94 ಡಯಾಪ್ಟರ್. 7 ಇಂಚು ಅಂದ್ರೆ 0.178 ಮೀಟರ್, ವಿಲೋಮ 5.62. ವ್ಯತ್ಯಾಸ ಸುಮಾರು 1.7 ಡಯಾಪ್ಟರ್. ನಿಮ್ಮ ಕನ್ನಡಕದ ಚೀಟಿಯಲ್ಲಿ ಸಿಲಿಂಡರ್ ಅಂತ ಒಂದು ಕಾಲಂ ಇರುತ್ತಲ್ಲ, ಅದರಲ್ಲಿ ಬರೆಯೋದು ಇದನ್ನೇ. ನಾವೀಗ ಅಸ್ಟಿಗ್ಮ್ಯಾಟಿಸಂ ಅಂತೀವಿ.

ಗಮನಿಸಬೇಕಾದ್ದು ಏನಂದ್ರೆ, ಅಳೆಯೋವರೆಗೂ ಯಂಗ್‌ಗೆ ಇದು ತನ್ನಲ್ಲಿದೆ ಅಂತ ಗೊತ್ತೇ ಇರಲಿಲ್ಲ. ಅದರಿಂದ ತೊಂದರೆ ಆಗಿದೆ ಅಂತಲೂ ಅನಿಸಿರಲಿಲ್ಲ. ಸಾವಿರಾರು ಪುಟ ಓದಿದ ಮನುಷ್ಯ, ಕಣ್ಣಿನ ಮೇಲೇ ಪೇಪರ್ ಬರೆದ ಮನುಷ್ಯ! ತನ್ನ ಕಣ್ಣು ಕಾಣಿಸಿದ್ದೇ ಎಲ್ಲರಿಗೂ ಕಾಣುತ್ತೆ ಅಂತ ನಾವೆಲ್ಲ ಅಂದುಕೊಳ್ಳೋ ಹಾಗೆ ಆತನೂ ಅಂದುಕೊಂಡಿದ್ದಿರಬೇಕು. ಈ ವಿಷಯವನ್ನು ಲಂಡನ್ನಿನ ಕನ್ನಡಕ ತಯಾರಕ ಕ್ಯಾರಿಗೆ ಹೇಳಿದಾಗ, ಗಿರಾಕಿಗಳು ಕೆಲವರು ಗಾಜನ್ನು ಓರೆಯಾಗಿ ಹಿಡಿದರೇನೇ ಚೆನ್ನಾಗಿ ಕಾಣುತ್ತೆ ಅನ್ನೋದನ್ನು ಆತ ಮೊದಲೇ ಗಮನಿಸಿದ್ದ ಅಂತ ತಿಳಿಯಿತು. ಅಂಗಡಿಯವನಿಗೆ ಅನುಭವ ಇತ್ತು, ಯಂಗ್ ಅದಕ್ಕೆ ಸಂಖ್ಯೆ ಕೊಟ್ಟ. 1820ರ ದಶಕದಲ್ಲಿ ಕೇಂಬ್ರಿಜ್‌ನ ಜಾರ್ಜ್ ಏರಿ ತನ್ನ ಎಡಗಣ್ಣಿಗೆ ಸಿಲಿಂಡರ್ ಆಕಾರದ ಗಾಜು ಮಾಡಿಸಿಕೊಂಡು ಈ ದೋಷಕ್ಕೆ ಪರಿಹಾರ ತೋರಿಸಿದ.

ಮೂರು ಬಣ್ಣ ಸಾಕು

1801ರಲ್ಲಿ ಯಂಗ್ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಪ್ರೊಫೆಸರ್ ಆದ. ಅದೇ ವರ್ಷದ ಇನ್ನೊಂದು ಉಪನ್ಯಾಸದಲ್ಲಿ ಬಣ್ಣದ ಬಗ್ಗೆ ಒಂದು ಯೋಚನೆ ಮುಂದಿಟ್ಟ. ಬಣ್ಣಗಳು ಲೆಕ್ಕವಿಲ್ಲದಷ್ಟಿವೆ. ರೆಟಿನಾದ ಪ್ರತಿ ಬಿಂದುವಿನಲ್ಲೂ ಪ್ರತಿ ಬಣ್ಣಕ್ಕೊಂದು ಸೆನ್ಸರ್ ಇಡೋಕೆ ಜಾಗ ಎಲ್ಲಿದೆ? ಮೂರು ಬಗೆಯವು ಇದ್ದರೆ ಸಾಕು, ಉಳಿದ ಬಣ್ಣವೆಲ್ಲ ಈ ಮೂರರ ಪ್ರಮಾಣದ ಲೆಕ್ಕ. ಮೊದಲು ಕೆಂಪು, ಹಳದಿ, ನೀಲಿ ಅಂದಿದ್ದವನು ಮರುವರ್ಷ ಕೆಂಪು, ಹಸಿರು, ನೇರಳೆ ಅಂತ ತಿದ್ದಿದ.

ಈಗ ನಿಮ್ಮ ಪರದೆ ಮೇಲೆ ಒಂದು ಸಣ್ಣ ಹನಿ ನೀರು ಬಿದ್ದಾಗ ಹತ್ತಿರದಿಂದ ನೋಡಿ. ಕೆಂಪು, ಹಸಿರು, ನೀಲಿ ಚುಕ್ಕೆಗಳು. ಡಾರ್ಕ್ ಥೀಮಿನ ಆ ಬೂದು ಹಿನ್ನೆಲೆ, ತಿಳಿ ನೀಲಿ ಕೀವರ್ಡ್, ಕಿತ್ತಳೆ ಸ್ಟ್ರಿಂಗ್ ಎಲ್ಲವೂ ಆ ಮೂರು ಸಂಖ್ಯೆಗಳೇ. ಯಂಗ್ ಯೋಚನೆಯನ್ನು ಹೆಲ್ಮ್‌ಹೋಲ್ಟ್ಸ್ ಮತ್ತು ಮ್ಯಾಕ್ಸ್‌ವೆಲ್ ಬೆಳೆಸಿದರು. ನಮ್ಮ ಬೆಂಗಳೂರಿನಲ್ಲಿ ಕೂತು ಇದನ್ನು ಒಪ್ಪದೇ ಇದ್ದ ಒಬ್ಬರೂ ಇದ್ದರು: ಸರ್ ಸಿ.ವಿ. ರಾಮನ್. ಕೊನೆಯ ವರ್ಷಗಳಲ್ಲಿ ರಾಮನ್ ಕಣ್ಣು ಮತ್ತು ಬಣ್ಣದ ಮೇಲೆ ಕೆಲಸ ಮಾಡಿ 1968ರಲ್ಲಿ ಪುಸ್ತಕ ತಂದರು, ಮೂರು ಬಣ್ಣದ ಸಿದ್ಧಾಂತವನ್ನು ಅಲ್ಲಗಳೆದರು. ರೆಟಿನಾದ ಕೋನ್ ಕೋಶಗಳನ್ನು ಒಂದೊಂದಾಗಿ ಅಳೆದವರು ಮಾತ್ರ ಮೂರು ಬಗೆಯವನ್ನೇ ಕಂಡರು. ದೊಡ್ಡವರ ಅಭಿಪ್ರಾಯಕ್ಕಿಂತ ಅಳತೆಯ ಮಾತೇ ನಿಲ್ಲುತ್ತೆ ಅನ್ನೋದಕ್ಕೆ ಇದೂ ಒಂದು ಉದಾಹರಣೆ.

ಹೊಡೆತ

ಮುಂದಿನದು ನಮಗೆ ಗೊತ್ತಿರೋ ಯಂಗ್. ಬೆಳಕು ಕಣಗಳ ಧಾರೆ ಅಂತ ನ್ಯೂಟನ್ ಕಾಲದಿಂದ ನಂಬಿಕೆ. ಇಲ್ಲ, ಬೆಳಕು ಅಲೆ ಅಂದ ಯಂಗ್. 1803ರಲ್ಲಿ ಹೇಳಿದ ಪ್ರಯೋಗ ಹೀಗಿತ್ತು: ಕಿಟಕಿ ಬಾಗಿಲಿಗೆ ದಪ್ಪ ಕಾಗದ, ಅದರಲ್ಲಿ ಸೂಜಿಯ ತೂತು, ಒಳಗೆ ಬಂದ ಬಿಸಿಲಿನ ಎಳೆಗೆ ಅಡ್ಡವಾಗಿ ಇಂಚಿನ ಮೂವತ್ತನೇ ಒಂದು ಭಾಗ ಅಗಲದ ರಟ್ಟಿನ ಪಟ್ಟಿ. ಪಟ್ಟಿಯ ಎರಡೂ ಬದಿಯಿಂದ ಬಂದ ಬೆಳಕು ಸೇರಿ ನೆರಳಿನೊಳಗೆ ಗೆರೆಗಳು ಮೂಡಿದವು. ಒಂದು ಬದಿ ಮುಚ್ಚಿದ್ರೆ ಗೆರೆಗಳು ಮಾಯ. ನಮ್ಮ ಪುಸ್ತಕದ ಎರಡು ಸೀಳಿನ ಚಿತ್ರ 1807ರಲ್ಲಿ ಅಚ್ಚಾದ ಆತನ ಉಪನ್ಯಾಸಗಳ ಪುಸ್ತಕದಲ್ಲಿದೆ. ಯಂಗ್ಸ್ ಮಾಡ್ಯುಲಸ್ ಕೂಡ ಅದೇ ಪುಸ್ತಕದ್ದು.

ಆದ್ರೆ ನ್ಯೂಟನ್‌ಗೆ ಎದುರು ಹೇಳೋದು ಅಂದ್ರೆ ಆಗಿನ ಇಂಗ್ಲೆಂಡಿನಲ್ಲಿ ಅಪರಾಧದ ಹಾಗೆ. ಎಡಿನ್‌ಬರೋ ರಿವ್ಯೂ ಪತ್ರಿಕೆಯಲ್ಲಿ ಹೆಸರು ಹಾಕದೇ ಒಂದು ವಿಮರ್ಶೆ ಬಂತು. ಬರೆದದ್ದು ಹೆನ್ರಿ ಬ್ರೂಮ್ ಅನ್ನೋ ವಕೀಲ. ಯಂಗ್ ಹಿಂದೊಮ್ಮೆ ಆತನ ಗಣಿತದ ಬರಹವನ್ನು ಟೀಕಿಸಿದ್ದ. ಆ ವಿಮರ್ಶೆಯಲ್ಲಿ ಪ್ರಯೋಗ ಮಾಡಿ ನೋಡಿ ತಪ್ಪು ತೋರಿಸಿದ್ದೇನೂ ಇರಲಿಲ್ಲ, ಬರೀ ಅವಹೇಳನ. ಯಂಗ್ ಉತ್ತರವಾಗಿ ಒಂದು ಕಿರುಪುಸ್ತಕ ಅಚ್ಚು ಹಾಕಿಸಿದ. ಮಾರಾಟವಾಗಿದ್ದು ಒಂದೇ ಪ್ರತಿ ಅಂತ ಹೇಳ್ತಾರೆ. ಅಷ್ಟೊತ್ತಿಗೆ ಪ್ರೊಫೆಸರ್ ಕೆಲಸವನ್ನೂ ಬಿಟ್ಟಿದ್ದ. ವೈದ್ಯವೃತ್ತಿಗೆ ಧಕ್ಕೆಯಾಗಬಾರದು ಅಂತ ಮುಂದೆ ಎಷ್ಟೋ ಬರಹಗಳನ್ನು ಹೆಸರಿಲ್ಲದೇ ಪ್ರಕಟಿಸಿದ.

ನ್ಯಾಯ ಸಿಕ್ಕಿದ್ದು ಫ್ರಾನ್ಸಿನಿಂದ. ಹತ್ತು ವರ್ಷದ ನಂತರ ಫ್ರೆನೆಲ್ ಅನ್ನೋ ರಸ್ತೆ ಇಂಜಿನಿಯರ್ ಯಂಗ್ ಕೆಲಸ ಗೊತ್ತಿಲ್ಲದೇ ಅದೇ ದಾರಿ ಹಿಡಿದ. 1816ರಲ್ಲಿ ವಿಜ್ಞಾನಿಗಳಾದ ಅರಾಗೋ ಮತ್ತು ಗೇ ಲುಸಾಕ್ ಯಂಗ್ ಮನೆಗೆ ಬಂದು ಫ್ರೆನೆಲ್ ಕೆಲಸವನ್ನು ಹೊಗಳಿದರು. ಇದರಲ್ಲಿ ಕೆಲವನ್ನು ನಾನು ಮೊದಲೇ ಮಾಡಿದ್ದೀನಿ ಅಂತ ಯಂಗ್ ಹೇಳಿದಾಗ ಅತಿಥಿಗಳು ಪೂರ್ತಿ ನಂಬಲಿಲ್ಲ. ಅಷ್ಟರಲ್ಲಿ ಹೆಂಡತಿ ಎಲೈಜಾ ಸುಮ್ಮನೆ ಎದ್ದು ಒಳಗೆ ಹೋಗಿ 1807ರ ಆ ದಪ್ಪ ಪುಸ್ತಕ ತಂದು, ಪುಟ ತೆಗೆದು ಚಿತ್ರ ತೋರಿಸಿದಳಂತೆ. ಈ ಘಟನೆಯನ್ನು ಅರಾಗೋನೇ ಬರೆದಿಟ್ಟಿದ್ದಾನೆ. ಅಲ್ಲಿಂದ ಮೂವರಿಗೂ ಪತ್ರವ್ಯವಹಾರ ಬೆಳೆಯಿತು, ಬೆಳಕಿನ ಅಲೆ ಸಿದ್ಧಾಂತ ಗೆದ್ದಿತು.

ಉಳಿದ ಬದುಕಿನ ಬಗ್ಗೆ ಹೇಳೋಕೆ ಇನ್ನೊಂದು ಲೇಖನವೇ ಬೇಕು. 1811ರಿಂದ ಸಾಯುವವರೆಗೂ ಲಂಡನ್ನಿನ ಸೇಂಟ್ ಜಾರ್ಜ್ಸ್ ಆಸ್ಪತ್ರೆಯ ವೈದ್ಯ. 1814ರಲ್ಲಿ ಈಜಿಪ್ಟಿನ ರೊಸೆಟ್ಟಾ ಶಿಲಾಶಾಸನ ಹಿಡಿದು, ಆ ಚಿತ್ರಲಿಪಿಯಲ್ಲಿ ರಾಜರ ಹೆಸರುಗಳನ್ನು ಓದುವ ದಾರಿ ತೋರಿಸಿದ. ಪೂರ್ತಿ ಬಿಡಿಸಿದ ಕೀರ್ತಿ ಫ್ರಾನ್ಸಿನ ಶಾಂಪೋಲಿಯನ್‌ಗೆ ಹೋಯಿತು. ನಾವಿಕರ ಪಂಚಾಂಗದ ಮೇಲ್ವಿಚಾರಣೆಯನ್ನೂ ನೋಡಿಕೊಂಡ. 1829ರ ಮೇ 10ರಂದು 55ನೇ ವಯಸ್ಸಿನಲ್ಲಿ ತೀರಿಕೊಂಡ. ಕೊನೆಯ ದಿನಗಳಲ್ಲಿ ಪೆನ್ನು ಹಿಡಿಯಲು ಆಗದೇ ಪೆನ್ಸಿಲಿನಲ್ಲಿ ಈಜಿಪ್ಟಿನ ನಿಘಂಟಿನ ಕೆಲಸ ಮಾಡುತ್ತಿದ್ದ.

ಈಗ ನಮ್ಮ ಜಗಳಕ್ಕೆ ಬರೋಣ

ಡಾರ್ಕ್ ಮೋಡ್ ಹೊಸ ಫ್ಯಾಷನ್ ಅಲ್ಲ. ಹಳೇ ಟರ್ಮಿನಲ್‌ಗಳಲ್ಲಿ ಕಪ್ಪು ಹಿನ್ನೆಲೆ ಮೇಲೆ ಹಸಿರು ಅಕ್ಷರವೇ ಇತ್ತು. 1984ರ ಮ್ಯಾಕಿಂಟಾಷ್ ಥರದ ಕಂಪ್ಯೂಟರುಗಳು ಪರದೆಯನ್ನು ಬಿಳಿ ಕಾಗದದ ಹಾಗೆ ಮಾಡಿದವು. 2018, 2019ರಲ್ಲಿ ಮ್ಯಾಕ್, ಆಂಡ್ರಾಯ್ಡ್, ಐಫೋನ್ ಎಲ್ಲದಕ್ಕೂ ಡಾರ್ಕ್ ಮೋಡ್ ಬಂದು ಕಪ್ಪು ವಾಪಸ್ ಆಯಿತು.

ಕಣ್ಣಿಗೆ ಏನಾಗುತ್ತೆ? ಪಾಪೆ ಕ್ಯಾಮೆರಾದ ಅಪರ್ಚರ್ ಇದ್ದ ಹಾಗೆ. ಜೋರು ಬೆಳಕಿನಲ್ಲಿ ಸುಮಾರು 2 ಮಿಲಿಮೀಟರ್, ಗಾಢ ಕತ್ತಲಲ್ಲಿ 7 ಅಥವಾ 8 ಮಿಲಿಮೀಟರ್ ತನಕ ಅಗಲವಾಗುತ್ತೆ. ಬಿಳಿ ಪರದೆ ಪಾಪೆಯನ್ನು ಕಿರಿದು ಮಾಡುತ್ತೆ, ಕಪ್ಪು ಪರದೆ ಅಗಲ ಮಾಡುತ್ತೆ. ಫೋಕಸ್ ಸರಿಯಿಲ್ಲದಾಗ ಮಸುಕಿನ ಅಗಲ ಅಂದ್ರೆ ಫೋಕಸ್ ದೋಷ ಗುಣಿಸು ಪಾಪೆಯ ಅಗಲ. ಅರ್ಧ ಡಯಾಪ್ಟರ್ ದೋಷ, 3 ಮಿಲಿಮೀಟರ್ ಪಾಪೆ ಅಂದುಕೊಳ್ಳಿ. 0.5 ಗುಣಿಸು 0.003, ಅಂದ್ರೆ 0.0015 ರೇಡಿಯನ್. 60 ಸೆಂಟಿಮೀಟರ್ ದೂರದ ಪರದೆ ಮೇಲೆ ಇದು 0.9 ಮಿಲಿಮೀಟರ್ ಮಸುಕು. ಅದೇ ಕಣ್ಣು, ಪಾಪೆ 5 ಮಿಲಿಮೀಟರ್ ಆದ್ರೆ 1.5 ಮಿಲಿಮೀಟರ್. ಕೋಡ್ ಎಡಿಟರ್‌ನ ಅಕ್ಷರದ ಎತ್ತರವೇ ಎರಡು ಮೂರು ಮಿಲಿಮೀಟರ್! ನಿಜವಾದ ಕಣ್ಣಿನಲ್ಲಿ ರೂಮಿನ ಬೆಳಕೂ ಲೆಕ್ಕಕ್ಕೆ ಬರುತ್ತೆ, ಅದಕ್ಕೇ ವ್ಯತ್ಯಾಸ ಇಷ್ಟೇ ಇರುತ್ತೆ ಅಂತ ಹೇಳೋಕಾಗಲ್ಲ. ಆದ್ರೆ ದಿಕ್ಕು ಇದೇ.

ಹಾಗಾಗಿ ಸಿಲಿಂಡರ್ ಪವರ್ ಇದ್ದು ಕನ್ನಡಕ ಇಲ್ಲದವರಿಗೆ ಡಾರ್ಕ್ ಮೋಡ್‌ನಲ್ಲಿ ಬಿಳಿ ಅಕ್ಷರಗಳ ಸುತ್ತ ಮಂಜು ಹರಡಿದ ಹಾಗೆ ಕಾಣಬಹುದು. ಜರ್ಮನಿಯ ಡ್ಯುಸೆಲ್‌ಡಾರ್ಫ್ ಯೂನಿವರ್ಸಿಟಿಯಲ್ಲಿ ತಪ್ಪು ಹುಡುಕುವ ಓದಿನ ಪರೀಕ್ಷೆ ಮಾಡಿದಾಗ, ಬಿಳಿ ಹಿನ್ನೆಲೆಯ ಕಪ್ಪು ಅಕ್ಷರದಲ್ಲಿ ಜನ ಹೆಚ್ಚು ಚೆನ್ನಾಗಿ ತಪ್ಪು ಹಿಡಿದರು, ಪಾಪೆಯೂ ಕಿರಿದಾಗಿತ್ತು. ಲೈಟ್ ಮೋಡ್ ಪಕ್ಷ ಗೆದ್ದಿತಾ? ಸ್ವಲ್ಪ ತಡೀರಿ. ಕಣ್ಣಿನ ಒಳಗೇ ಮಸುಕು ಇರೋರಿಗೆ, ಉದಾಹರಣೆಗೆ ಪೊರೆ ಬಂದವರಿಗೆ, ಬಿಳಿ ಹಿನ್ನೆಲೆಯ ಬೆಳಕೆಲ್ಲ ಒಳಗೆ ಚದುರಿ ಅಕ್ಷರವನ್ನು ತಿನ್ನುತ್ತೆ. ಅಂಥವರಿಗೆ ಕಪ್ಪು ಹಿನ್ನೆಲೆಯೇ ಓದಲು ಸುಲಭ. ರಾತ್ರಿ ಲೈಟ್ ಆರಿಸಿದ ರೂಮಿನಲ್ಲಿ ಫುಲ್ ಬ್ರೈಟ್‌ನೆಸ್ ಬಿಳಿ ಪರದೆ ಯಾರಿಗೂ ಹಿತ ಅಲ್ಲ, ರೂಮ್‌ಮೇಟ್‌ಗಂತೂ ಮೊದಲೇ ಅಲ್ಲ.

ಇನ್ನೊಂದು ವಿಷಯಕ್ಕೆ ಥೀಮಿನ ಸಂಬಂಧವೇ ಇಲ್ಲ. ಪರದೆ ನೋಡುವಾಗ ನಾವು ಕಣ್ಣು ಮಿಟುಕಿಸೋದು ಕಡಿಮೆ ಮಾಡ್ತೀವಿ. ಎಸಿ ಲ್ಯಾಬ್‌ನಲ್ಲಿ ಕಣ್ಣೀರಿನ ಪದರ ಬೇಗ ಒಣಗುತ್ತೆ. ಉರಿ, ಮರಳು ಬಿದ್ದ ಹಾಗೆ ಅನಿಸೋದು ಇದರಿಂದ. ಇದಕ್ಕೆ ಥೀಮ್ ಬದಲಿಸಿದ್ರೆ ಪ್ರಯೋಜನ ಇಲ್ಲ, ಮಿಟುಕಿಸಬೇಕು.

ಯಂಗ್ ಥರ ಇವತ್ತು ರಾತ್ರಿ ಅಳೆಯಿರಿ

ಮೂರು ಸುಲಭ ಪರೀಕ್ಷೆಗಳು. ಕನ್ನಡಕ ಇದ್ದವರು ಹಾಕಿಕೊಂಡೂ ತೆಗೆದೂ ನೋಡಿ.

ಒಂದು. ಬಿಳಿ ಹಾಳೆಯಲ್ಲಿ ಗಡಿಯಾರದ ಹನ್ನೆರಡು ಅಂಕಿಗಳ ದಿಕ್ಕಿಗೆ ಹನ್ನೆರಡು ಸಮ ದಪ್ಪದ ಗೆರೆ ಎಳೆದು ಗೋಡೆಗೆ ಅಂಟಿಸಿ. ಒಂದು ಕಣ್ಣು ಮುಚ್ಚಿ ನೋಡಿ. ಕೆಲವು ಗೆರೆ ಕಡು ಕಪ್ಪು, ಕೆಲವು ಮಸುಕು ಅನಿಸಿದ್ರೆ ಸಿಲಿಂಡರ್ ಇರುವ ಸಾಧ್ಯತೆ ಇದೆ.

ಎರಡು. ರಟ್ಟಿನಲ್ಲಿ ಸೂಜಿಯಿಂದ ಒಂದು ತೂತು ಮಾಡಿ. ಡಾರ್ಕ್ ಮೋಡ್ ಅಕ್ಷರಗಳನ್ನು ಬರಿಗಣ್ಣಿಂದ ನೋಡಿ, ಆಮೇಲೆ ತೂತಿನ ಮೂಲಕ ನೋಡಿ. ಬೆಳಕು ಕಡಿಮೆಯಾದ್ರೂ ಅಕ್ಷರ ಚೂಪಾಯಿತು ಅಂದ್ರೆ ತೊಂದರೆ ಥೀಮಿನದ್ದಲ್ಲ, ಫೋಕಸ್‌ನದ್ದು. ತೂತು ಮಾಡಿದ್ದು ಪಾಪೆಯನ್ನು ಕಿರಿದು ಮಾಡೋ ಕೆಲಸ, ಅಷ್ಟೇ.

ಮೂರು. ಒಂದು ವಾರ ಲೈಟ್, ಒಂದು ವಾರ ಡಾರ್ಕ್. ರೂಮಿನ ಬೆಳಕು, ದೂರ, ಫಾಂಟ್ ಸೈಜ್ ಒಂದೇ ಇರಲಿ. ದಿನಾ ರಾತ್ರಿ ತಲೆನೋವಿಗೆ ಹತ್ತಕ್ಕೆ ಎಷ್ಟು ಅಂತ ಬರೆದಿಡಿ. ವೇರಿಯಬಲ್ ಒಂದೇ ಬದಲಾಗಬೇಕು ಅಂತ ಪ್ರತಿ ಲ್ಯಾಬ್‌ನಲ್ಲೂ ಹೇಳಿಕೊಡ್ತಾರಲ್ಲ, ಅದನ್ನೇ ನಮ್ಮ ಮೇಲೆ ಮಾಡೋದು.

ಇವು ಕಣ್ಣಿನ ಡಾಕ್ಟರ್‌ಗೆ ಬದಲಿ ಅಲ್ಲ. ಮೊದಲೆರಡರಲ್ಲಿ ಏನಾದ್ರೂ ವ್ಯತ್ಯಾಸ ಕಂಡ್ರೆ, ಅಥವಾ ತಲೆನೋವು ದಿನಾ ಬರ್ತಿದ್ರೆ, ಹೋಗಿ ತೋರಿಸಿ. ವರ್ಷಗಟ್ಟಲೆ ಥೀಮ್ ಮೇಲೆ ಥೀಮ್ ಬದಲಿಸುತ್ತಾ, ಬ್ಲೂ ಲೈಟ್ ಕನ್ನಡಕ ಕೊಳ್ಳುತ್ತಾ, ಅರ್ಧ ಡಯಾಪ್ಟರ್ ಸಿಲಿಂಡರನ್ನು ಕಣ್ಣಲ್ಲೇ ಇಟ್ಟುಕೊಂಡು ಸೆಮಿಸ್ಟರ್ ಮುಗಿಸೋದು ಯಾರಿಗೂ ಬೇಡ.

ಪಂಚಾಯ್ತಿಯ ತೀರ್ಪು ಏನು ಹಾಗಾದ್ರೆ? ನನಗನಿಸೋದು ಇಷ್ಟು. ಬೆಳಕಿರೋ ರೂಮಿನಲ್ಲಿ ಗಂಟೆಗಟ್ಟಲೆ ಓದೋದಾದ್ರೆ ಮಿತವಾದ ಬ್ರೈಟ್‌ನೆಸ್‌ನ ಲೈಟ್ ಮೋಡ್ ಹೆಚ್ಚಿನವರಿಗೆ ಸರಿ. ಕತ್ತಲಲ್ಲಿ, ಅಥವಾ ಕಣ್ಣಿಗೆ ಬಿಳಿ ಬೆಳಕು ಚುಚ್ಚುವವರಿಗೆ, ಡಾರ್ಕ್ ಮೋಡ್ ಸರಿ. ಆದ್ರೆ ಹೆಚ್ಚಿನವರು ಅಂದ್ರೆ ನೀವು ಅಂತಲ್ಲ. ಯಂಗ್ ಕಣ್ಣಿಗೆ 7 ಮತ್ತು 10 ಇಂಚು. ನಿಮ್ಮದು ಎಷ್ಟು? ಪಕ್ಕದ ಬೆಂಚಿನವರ ಜೊತೆ ವಾದ ಮಾಡೋ ಮುಂಚೆ ಅದನ್ನೊಮ್ಮೆ ಅಳೆಸಿಕೊಂಡು ಬನ್ನಿ.